ತೆರೆದ ಪಾತ್ರೆಯಲ್ಲಿ ಶಕ್ತಿಯ ಲೆಕ್ಕ ಯಾಕೆ ತಾಳೆಯಾಗುತ್ತಿಲ್ಲ?

ತೆರೆದ ಪಾತ್ರೆಯಲ್ಲಿ ನೀರು ಕಾಯಿಸಿದಾಗ ಹೀಟರ್ ಕೊಟ್ಟ ಶಕ್ತಿಗೂ ನೀರಿಗೆ ಸೇರಿದ್ದಕ್ಕೂ 69 ಕಿಲೋಜೂಲ್ ವ್ಯತ್ಯಾಸ ಬಂತು ಅಂತ ಕೇಳಿದ್ದೀರಿ. ಕಾಣೆಯಾದ ಅದರಲ್ಲಿ ದೊಡ್ಡ ಪಾಲು ಆವಿಯ ಜೊತೆ ಹೋಗಿರಬೇಕು. ಹೀಟರ್ ಕೊಟ್ಟಿದ್ದು 320, 1 ಕೆಜಿ ನೀರು 20ರಿಂದ 80 ಡಿಗ್ರಿಗೆ ಏರಲು ಬೇಕಾಗಿದ್ದು 251 ಅಂತ ಬರೆದಿದ್ದೀರಿ. ಆ ಲೆಕ್ಕ ಸರಿಯಾಗೇ ಇದೆ. ಆದರೆ ಮುಚ್ಚಳ ಇಲ್ಲದ ಪಾತ್ರೆ ತೆರೆದ ವ್ಯವಸ್ಥೆ, ಅಂದರೆ ಒಳಗಿನ ವಸ್ತುವೂ ಹೊರಗೆ ಹೋಗಬಹುದು, ಅಲ್ವಾ? ಹೊರಗೆ ಹೋಗುವ ನೀರು ಶಕ್ತಿಯನ್ನೂ ಹೊತ್ತುಕೊಂಡೇ ಹೋಗುತ್ತದೆ.

ಮತ್ತೊಮ್ಮೆ ಮಾಡುವಾಗ ಶುರುವಿನಲ್ಲಿ, ಕೊನೆಯಲ್ಲಿ ಪಾತ್ರೆ ಸಮೇತ ತೂಕ ಮಾಡಿ. ಗ್ರಾಮ್ ತೋರಿಸುವ ತಕ್ಕಡಿಯೇ ಬೇಕು. ಕಡಿಮೆಯಾದ ಒಂದೊಂದು ಗ್ರಾಮ್ ಆವಿಯಾಗಲು ಸುಮಾರು 2.3 ಕಿಲೋಜೂಲ್ ಹಿಡಿಯಿರಿ. 15 ಗ್ರಾಮ್ ಅಂದರೆ ಬರೀ ಮೂರು ಚಮಚ ನೀರು, ಕಣ್ಣಿಗೆ ಗೊತ್ತೂ ಆಗುವುದಿಲ್ಲ. ಅಷ್ಟಕ್ಕೇ 35 ಕಿಲೋಜೂಲ್ ಹೋಯಿತು!

ಆಮೇಲೆ ಪಾತ್ರೆ ಬಿಸಿಯಾಗಲು ಹೋದ ಪಾಲು ಸೇರಿಸಿ. 400 ಗ್ರಾಮ್ ಸ್ಟೀಲ್ ಆದರೆ ಸುಮಾರು 12 ಕಿಲೋಜೂಲ್. ಇನ್ನೂ ಉಳಿದದ್ದು ಪಾತ್ರೆಯ ಬದಿಯಿಂದ ಗಾಳಿಗೆ ಹೋಗಿರಬಹುದು. ಅದನ್ನು ನೇರವಾಗಿ ಅಳೆಯುವುದು ಕಷ್ಟ. ಸುತ್ತ ದಪ್ಪ ಬಟ್ಟೆ ಸುತ್ತಿ ನೋಡಿ, ವ್ಯತ್ಯಾಸ ಕಡಿಮೆಯಾಗಬೇಕು.

ಕೊನೆಗೆ ಮುಚ್ಚಳ ಹಾಕಿ, ಹೀಟರ್‌ನಿಂದ ಅದೇ 320 ಕಿಲೋಜೂಲ್ ಕೊಟ್ಟು ಇದನ್ನೇ ಮಾಡಿ. ಮುಚ್ಚಳದ ಒಳಗೆ ಹನಿಗಳು ಕೂತು ವಾಪಸ್ ನೀರಿಗೇ ಬೀಳುತ್ತವೆ. ತೂಕ ಹೆಚ್ಚೇನೂ ಇಳಿಯದೆ, ನೀರು ಮತ್ತು ಪಾತ್ರೆಗೆ ಸೇರಿದ ಶಕ್ತಿಯ ಮೊತ್ತ 320ರ ಹತ್ತಿರ ಬಂದರೆ, ಮೊದಲಿನ ವ್ಯತ್ಯಾಸಕ್ಕೆ ಮುಖ್ಯ ಕಾರಣ ಆವಿಯೇ.