ಸಂಪಾದಕರ ಉತ್ತರ: ಪಂಜರ ಕಂಡ ಮೇಲೂ ಕಾದದ್ದೇಕೆ?

ಕಳೆದ ಸಂಚಿಕೆಯಲ್ಲಿ ಇಂಡೋನೇಷ್ಯಾದ ಬೆಂಜಿನಾ ಎಂಬ ದ್ವೀಪದ ಹಳ್ಳಿಯಲ್ಲಿದ್ದ ಮೀನುಗಾರಿಕೆ ಜೀತದ ಬಗ್ಗೆ ಬಂದ ಲೇಖನ ಓದಿ ಕುಂದಾಪುರದ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹಡಗಿನಲ್ಲಿ ಇಂಜಿನಿಯರ್ ಆಗಿದ್ದು ನಿವೃತ್ತರಾದವರು. ಹೆಸರು ಹಾಕಬೇಡಿ ಎಂದಿದ್ದಾರೆ. ಅವರ ತಕರಾರು ಎರಡು. ಬೆಂಜಿನಾ ಇರುವುದು ಇಂಡೋನೇಷ್ಯಾದ ಕಡಲಿನಲ್ಲಿ, ಅದಕ್ಕೆ ‘ಯಾರದೂ ಅಲ್ಲದ ಕಡಲು’ ಎಂಬ ತಲೆಬರಹ ಹೇಗೆ ಹೊಂದುತ್ತದೆ? ಎರಡನೆಯದು ಇನ್ನೂ ಖಾರ: ಮನುಷ್ಯರು ಪಂಜರದಲ್ಲಿ ಕೂತಿದ್ದನ್ನು ಕಣ್ಣಾರೆ ಕಂಡ ಪತ್ರಕರ್ತರು ಕೂಡಲೇ ಬರೆಯದೆ ಮೀನಿನ ಲಾರಿಗಳ ಹಿಂದೆ ಸುತ್ತಿದರಲ್ಲ, ಅವರಿಗೆ ಬೇಕಿದ್ದದ್ದು ಬಿಡುಗಡೆಯೋ, ಪ್ರಶಸ್ತಿಯೋ?

ಮಾನ್ಯರೇ,

ತಲೆಬರಹ ಕೊಟ್ಟವನು ನಾನೇ, ತಪ್ಪೂ ನನ್ನದೇ. ದಡದಿಂದ 200 ನಾಟಿಕಲ್ ಮೈಲು, ಅಂದರೆ ಸುಮಾರು 370 ಕಿ.ಮೀ. ದಾಟಿದ ಮೇಲಷ್ಟೇ ಕಡಲು ಯಾರದೂ ಅಲ್ಲ. ಬೆಂಜಿನಾದಲ್ಲಿ ಬಂದರಿತ್ತು, ಕಂಪನಿಯಿತ್ತು, ಸರ್ಕಾರವಿತ್ತು. ಯಾರದೂ ಅಲ್ಲ ಎಂದು ಬರೆದು, ಹೊಣೆ ಹೊರಬೇಕಾದವರನ್ನು ನಾನೇ ಪಾರು ಮಾಡಿದಂತಾಯಿತು. ತಿದ್ದುಪಡಿ ಇದೇ ಸಂಚಿಕೆಯಲ್ಲಿದೆ.

ಎರಡನೆಯ ಪ್ರಶ್ನೆಗೆ ಅಷ್ಟು ಸಲೀಸಾಗಿ ತಲೆಬಾಗಲಾರೆ.

ಅಸೋಸಿಯೇಟೆಡ್ ಪ್ರೆಸ್ (ಎಪಿ) ಸುದ್ದಿಸಂಸ್ಥೆಯ ಎಸ್ತರ್ ಟುಸಾನ್, ಮಾರ್ಗಿ ಮೇಸನ್, ರಾಬಿನ್ ಮೆಕ್‌ಡೊವೆಲ್ ಮತ್ತು ಮಾರ್ಥಾ ಮೆಂಡೋಜಾ ಈ ಕೆಲಸಕ್ಕೆ ಒಂದು ವರ್ಷಕ್ಕೂ ಮಿಕ್ಕಿ ಸಮಯ ಕೊಟ್ಟರು. ಸಿಕ್ಕಿಬಿದ್ದವರಲ್ಲಿ ಹೆಚ್ಚಿನವರು ಮ್ಯಾನ್ಮಾರ್‌ನವರು; ಥಾಯ್ಲೆಂಡಿನಲ್ಲಿ ಕೆಲಸ ಕೊಡಿಸುತ್ತೇವೆಂದು ಕರೆತಂದು ಬೋಟು ಹತ್ತಿಸಿದ್ದರು. ದಿನಕ್ಕೆ 20ರಿಂದ 22 ಗಂಟೆ ದುಡಿತ. ಎದುರಾಡಿದರೆ ಚಾಟಿಯ ಬದಲು ಮುಳ್ಳುಬಾಲದ ಮೀನಿನ ಬಾಲ, ನಿಮ್ಮ ಕಡೆ ತೊರಕೆ ಅನ್ನುತ್ತಾರಲ್ಲ, ಅದರದ್ದು. ಓಡಿಹೋಗಬಹುದು ಅನ್ನಿಸಿದವರನ್ನು ಕಂಪನಿಯ ಆವರಣದಲ್ಲೇ ತುಕ್ಕು ಹಿಡಿದ ಸರಳುಗಳ ಹಿಂದೆ ಕೂಡುತ್ತಿದ್ದರು. ಅಲ್ಲಿಂದ ಕೆಲವೇ ಹೆಜ್ಜೆ ದೂರದಲ್ಲಿ ಅವರೇ ಹಿಡಿದ ಮೀನು ಹಡಗಿಗೆ ಏರುತ್ತಿತ್ತು. ಕಾಡು ಬೆಳೆದ ಒಂದು ಸ್ಮಶಾನವೂ ಇತ್ತು. 60ಕ್ಕೂ ಹೆಚ್ಚು ಗೋರಿಗಳು, ಅವುಗಳ ಮೇಲೆ ಸುಳ್ಳು ಥಾಯ್ ಹೆಸರುಗಳು. ಮ್ಯಾನ್ಮಾರ್‌ನಿಂದ ತಾಯಿಯೊಬ್ಬಳು ಹುಡುಕಿಕೊಂಡು ಬಂದಿದ್ದರೂ ಮಗನ ಗೋರಿ ಸಿಗುತ್ತಿರಲಿಲ್ಲ.

ಇಷ್ಟನ್ನೇ ಬರೆದಿದ್ದರೆ? ಓದಿದವರು ಅಯ್ಯೋ ಅನ್ನುತ್ತಿದ್ದರು. ಕಂಪನಿ ಇಲ್ಲ ಅನ್ನುತ್ತಿತ್ತು. ಅದಕ್ಕೇ ಅವರು ಮೀನಿನ ಬೆನ್ನು ಹತ್ತಿದರು. ಬೆಂಜಿನಾದಲ್ಲಿ ಸರಕು ತುಂಬಿಕೊಂಡ ಸಿಲ್ವರ್ ಸೀ ಲೈನ್ ಎಂಬ ಹಡಗನ್ನು ಉಪಗ್ರಹದ ಮೂಲಕ 15 ದಿನ ಗಮನಿಸಿದರು. ಅದು ಥಾಯ್ಲೆಂಡಿನ ಬಂದರು ಸೇರಿದಾಗ ದಕ್ಕೆಯ ಹೊರಗೆ ಕಾದು, ನಾಲ್ಕು ರಾತ್ರಿ ಒಂದೊಂದೇ ಲಾರಿಯ ಹಿಂದೆ ಹೋಗಿ ಯಾವ ಕಾರ್ಖಾನೆ, ಯಾವ ಕೋಲ್ಡ್ ಸ್ಟೋರೇಜ್ ಎಂದು ಗುರುತು ಹಾಕಿಕೊಂಡರು. ಅಲ್ಲಿಂದ ಮುಂದೆ ಕಾಗದಪತ್ರ ಹಿಡಿದು ಹೊರಟರೆ ದಾರಿ ಮುಟ್ಟಿದ್ದು ಅಮೆರಿಕದ ಸೂಪರ್ ಮಾರ್ಕೆಟ್ಟುಗಳಿಗೆ, ಬೆಕ್ಕಿನ ಆಹಾರದ ಡಬ್ಬಿಗಳಿಗೆ. ನೀವು ಹಂಗಿಸಿದ ಆ ಲಾರಿ ಸುತ್ತಾಟವೇ ನನ್ನ ಮಟ್ಟಿಗೆ ಈ ಕೆಲಸದ ಜೀವಾಳ. ಕೊಳ್ಳುವವನ ಅಂಗಡಿಯ ಹೆಸರು ಬಂದಾಗ ಮಾತ್ರ ‘ನಮಗೆ ಗೊತ್ತಿಲ್ಲ’ ಎಂಬ ಉತ್ತರ ನಡೆಯುವುದಿಲ್ಲ.

ಇನ್ನೊಂದು ಕಾರಣ ಇನ್ನೂ ದೊಡ್ಡದು. ವರದಿಯಲ್ಲಿ ಬರುವವರ ಮುಖ ಗೊತ್ತಾದರೆ ಮೊದಲು ಏಟು ಬೀಳುವುದು ಅವರಿಗೇ. ಎಪಿಯವರು ವಲಸಿಗರ ಅಂತರರಾಷ್ಟ್ರೀಯ ಸಂಸ್ಥೆಗೆ ತಿಳಿಸಿ, ಪೊಲೀಸರು ವರದಿಯಲ್ಲಿದ್ದವರನ್ನು ಬೆಂಜಿನಾದಿಂದ ಹೊರಗೆ ಸಾಗಿಸಿದ ಮೇಲಷ್ಟೇ, 2015ರ ಮಾರ್ಚ್ 25ರಂದು, ವರದಿ ಹೊರಬಿಟ್ಟರು.

ಇದರ ಬೆಲೆ ನನಗೆ ತಿಳಿದಿರುವುದು ಸ್ವಂತ ಪೆಟ್ಟಿನಿಂದ. ವರದಿಗಾರನಾಗಿದ್ದ ಕಾಲದಲ್ಲಿ ಒಂದು ಇಟ್ಟಿಗೆ ಗೂಡಿನಲ್ಲಿ ಜೀತಕ್ಕಿದ್ದವರ ಸುದ್ದಿ ಸಿಕ್ಕಿತು. ಬೇರೆ ಪತ್ರಿಕೆಗೆ ಹೋಗಿಬಿಟ್ಟೀತೆಂಬ ಅವಸರದಲ್ಲಿ ಭಾನುವಾರವೇ ಅಚ್ಚು ಹಾಕಿಸಿದೆ. ಸೋಮವಾರ ತಹಶೀಲ್ದಾರರ ಜೀಪಿನಲ್ಲಿ ಹೋದರೆ ಅಲ್ಲಿ ನರಪಿಳ್ಳೆಯಿಲ್ಲ. ರಾತ್ರಿ ಮಳೆ ಬಂದಿತ್ತು. ಹಸಿ ಇಟ್ಟಿಗೆಯ ಸಾಲುಗಳು, ಮುಚ್ಚುವವರಿಲ್ಲದೆ, ಕರಗಿ ಮತ್ತೆ ಕೆಸರಾಗುತ್ತಿದ್ದವು. ಆ ಜನ ಎಲ್ಲಿಗೆ ಹೋದರೆಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಹಾಗಂತ ಎಪಿಯವರು ಕಾದದ್ದರಿಂದ ಎಲ್ಲರೂ ಉಳಿದರು ಎನ್ನಲಾರೆ. ನಿಮ್ಮ ಸಿಟ್ಟಿನಲ್ಲಿ ಅಷ್ಟು ಸತ್ಯವಿದೆ. ಏಪ್ರಿಲ್ ಮೊದಲ ವಾರ ಇಂಡೋನೇಷ್ಯಾದ ಅಧಿಕಾರಿಗಳು ಬಂದಾಗ 300ಕ್ಕೂ ಹೆಚ್ಚು ಜನ ಒಂದೇ ದಿನ ದ್ವೀಪ ಬಿಟ್ಟರು. ಆದರೆ ಹಲವು ಬೋಟುಗಳು ಜೀತದವರ ಸಮೇತ ಪಪುವಾ ನ್ಯೂಗಿನಿಯ ಕಡೆ ಪರಾರಿಯಾಗಿದ್ದವು. ಅಲ್ಲೂ ಬೆನ್ನು ಬಿಡದೆ ಎಪಿಯವರು ಉಪಗ್ರಹ ಕಂಪನಿಯೊಂದರಿಂದ ಮೇಲಿನಿಂದಲೇ ಫೋಟೋ ತೆಗೆಸಿದರು: ಸಿಲ್ವರ್ ಸೀ 2 ಎಂಬ ಸರಕು ಹಡಗು, ಎರಡೂ ಮಗ್ಗುಲಿಗೆ ಅಂಟಿಕೊಂಡ ಟ್ರಾಲರುಗಳು. ಆಗಸ್ಟಿನಲ್ಲಿ ಇಂಡೋನೇಷ್ಯಾ ಆ ಹಡಗನ್ನು ಹಿಡಿಯಿತು. ಕೊನೆಗೆ ಬಿಡುಗಡೆಯಾದವರು 2,000ಕ್ಕೂ ಹೆಚ್ಚು. ದೇಶದೊಳಗೆ ಬೇಡಿಕೆಗೆ ಸಾಲದಿದ್ದರೆ ಜೀತದ ಸರಕನ್ನೂ ತರಿಸಿಕೊಳ್ಳಬಹುದೆಂದು 1930ರಿಂದ ಅಮೆರಿಕದ ಸುಂಕದ ಕಾನೂನಿನಲ್ಲಿದ್ದ ಕಿಂಡಿ 2016ರ ಫೆಬ್ರುವರಿಯಲ್ಲಿ ಮುಚ್ಚಿತು. ನೀವು ಹೇಳಿದ ಪ್ರಶಸ್ತಿ, ಪುಲಿಟ್ಜರ್, ಬಂದದ್ದು ಇದೆಲ್ಲ ಆದ ಮೇಲೆ.

ಪತ್ರದ ಕೊನೆಗೆ ನೀವು ಬರೆದ ಒಂದು ಸಾಲನ್ನು ಅಡಿಗೆರೆ ಎಳೆದು ಇಟ್ಟುಕೊಂಡಿದ್ದೇನೆ. ಬೆಂಜಿನಾ ಇರುವ ಅರಾಫುರಾ ಕಡಲು ದಾಟುವಾಗ, ಸುತ್ತಲಿನ ಹಡಗುಗಳನ್ನು ತೋರಿಸುವ ನಿಮ್ಮ ಪರದೆಯಲ್ಲಿ ಹೆಸರೇ ಮೂಡದ ಟ್ರಾಲರುಗಳು ಕತ್ತಲಲ್ಲಿ ಪಕ್ಕದಲ್ಲೇ ಹಾದುಹೋಗುತ್ತಿದ್ದವು ಎಂದಿದ್ದೀರಿ. ಅದನ್ನು ವಿಸ್ತಾರವಾಗಿ ಬರೆದುಕೊಡಿ. ಮುಂದಿನ ತಿಂಗಳ 10ರೊಳಗೆ ತಲುಪಿದರೆ ಹಾಕುತ್ತೇನೆ. ತಲೆಬರಹ ನೀವೇ ಕೊಡಿ.

– ಸಂಪಾದಕ