ಒಂದು ಸೀರೆ, ಮೂರು ಟೇಬಲ್

ಪ್ರಶ್ನೆ: ಅಕ್ಕಾ, ನಮ್ಮದು ಸಾಗರದ ಹತ್ತಿರದ ಹಳ್ಳಿ. ಮೇ ತಿಂಗಳಲ್ಲಿ ತಂಗಿಯ ಮದುವೆ. ಕಲ್ಯಾಣ ಮಂಟಪ ಬೇಡ, ಮನೆ ಅಂಗಳದಲ್ಲೇ ಆಗಲಿ ಅಂತ ಅವಳ ಆಸೆ. 250 ಜನ ಬರಬಹುದು. ಮಧ್ಯಾಹ್ನದ ಊಟ ಬಾಳೆ ಎಲೆಯಲ್ಲಿ, ಟೇಬಲ್ ಹಾಕಿ. ಮೊಬೈಲಿನಲ್ಲಿ ಫೋಟೋ ನೋಡಿ ನೋಡಿ, ಪ್ರತಿ ಟೇಬಲ್ ಮೇಲೂ ಬಾಟಲಿಯಲ್ಲಿ ಹೂವು, ಮೇಣದಬತ್ತಿ, ಉದ್ದಕ್ಕೆ ಒಂದು ಬಟ್ಟೆ ಬೇಕು ಅಂತಿದ್ದಾಳೆ. ಡೆಕೋರೇಶನ್‌ನವರು ಹೇಳಿದ ರೇಟು ಕೇಳಿ ಅಪ್ಪ ಎದ್ದು ತೋಟಕ್ಕೆ ಹೋದರು. ಟೇಬಲ್ ಅಲಂಕಾರಕ್ಕೆ ನಾವು ಇಟ್ಟಿರುವುದು 10,000 ರೂಪಾಯಿ. ಇಷ್ಟರಲ್ಲಿ ಆಗುತ್ತದೆಯೇ?

ಉತ್ತರ: ಆಗುತ್ತದೆ. ದುಡ್ಡು ಸ್ವಲ್ಪ ಉಳಿಯಲೂಬಹುದು. ಆದರೆ ಮೊದಲು ತಂಗಿಯನ್ನು ಕೂರಿಸಿಕೊಂಡು ಒಂದು ಲೆಕ್ಕ ಮಾಡಿ.

250 ಜನ, ಎರಡು ಪಂಕ್ತಿ. ಒಂದು ಪಂಕ್ತಿಗೆ 125 ಎಲೆ. ಒಬ್ಬರಿಗೆ ಎರಡು ಅಡಿ ಜಾಗ ಅಂದರೆ, ಶಾಮಿಯಾನದವರು ಕೊಡುವ ಆರಡಿ ಟೇಬಲ್ಲಿಗೆ ಮೂರು ಜನ. ಅಲ್ಲಿಗೆ 42 ಟೇಬಲ್. ಒಂದೊಂದಕ್ಕೆ 200 ರೂಪಾಯಿ ಅಂದುಕೊಂಡರೂ 8,400 ಹೋಯಿತು. ಆ 200 ರೂಪಾಯಿಯ ಹೂವು ಕಾಣುವುದು ಎಷ್ಟು ಹೊತ್ತು? ಎಲೆ ಹಾಕಿ, ಉಪ್ಪು ಬಡಿಸಿ, ಅನ್ನ ಬರುವವರೆಗೆ.

ಜಾಗವೂ ಇಲ್ಲ. ನಮ್ಮ ಊಟದ ಟೇಬಲ್ ಅಗಲ ಒಂದೂವರೆ ಅಡಿ. ಎಲೆ ಹಾಕಿ ಲೋಟ ಇಟ್ಟರೆ ತುಂಬಿತು. ತಂಗಿ ನೋಡಿದ ಫೋಟೋದಲ್ಲಿ ಇರುವುದು ಎದುರುಬದುರು ಕೂತು ತಟ್ಟೆಯಲ್ಲಿ ಉಣ್ಣುವವರ ಅಗಲದ ಟೇಬಲ್. ನಮ್ಮದು ಒಂದೇ ಕಡೆ ಕೂರುವ ಪಂಕ್ತಿ. ಎದುರಿನ ಕಡೆ ಬಡಿಸುವವರದ್ದು. ಸಾರಿನ ಬಕೆಟ್ ಹಿಡಿದು ಬಗ್ಗಿ ಬಗ್ಗಿ ಬರುವ ಹುಡುಗನ ಮೊಣಕೈಗೂ ಹೂದಾನಿಗೂ ಎಂದೂ ಆಗಿ ಬರುವುದಿಲ್ಲ.

ಇದನ್ನು ನಾನು ಕೆಟ್ಟು ಕಲಿತವಳು. ಈ ಕೆಲಸಕ್ಕೆ ಇಳಿದ ಹೊಸತರಲ್ಲಿ, ತೀರ್ಥಹಳ್ಳಿ ಕಡೆಯ ಒಂದು ಮನೆಯಲ್ಲಿ, ಸಾಲು ಸಾಲು ಗಾಜಿನ ಬಾಟಲಿಯಲ್ಲಿ ಸುಗಂಧರಾಜ ಇಟ್ಟಿದ್ದೆ. ನೋಡಲು ಚೆಂದವೇ ಇತ್ತು. ಎರಡನೇ ಪಂಕ್ತಿ ಕೂರುವ ಹೊತ್ತಿಗೆ ಬೇಸಿಗೆಯ ಗಾಳಿ ಒಂದು ಸುತ್ತು ಬೀಸಿತು. ನಾಲ್ಕು ಬಾಟಲಿ ಬಿದ್ದವು. ಒಂದು ಒಡೆದದ್ದು ಬಡಿಸಲು ಇಟ್ಟಿದ್ದ ಪಾಯಸದ ಪಾತ್ರೆಯ ಪಕ್ಕದಲ್ಲಿ. ಚೂರು ಒಳಗೆ ಬಿತ್ತೋ ಇಲ್ಲವೋ ಯಾರಿಗೆ ಗೊತ್ತು? ಅಷ್ಟೂ ಪಾಯಸ ತೆಂಗಿನ ಬುಡಕ್ಕೆ ಹೋಯಿತು. ಮನೆಯವರು ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದೇ ಜಾಸ್ತಿ ಚುಚ್ಚಿತು.

ಹಾಗಾಗಿ ಊಟದ ಟೇಬಲ್ಲಿಗೆ ಎಲೆಯೇ ಅಲಂಕಾರ ಅಂದುಕೊಳ್ಳಿ. ಒಂದೇ ಅಳತೆಯ ಎಲೆ ಆರಿಸಿ. ಹರಿದದ್ದನ್ನು ಅಡುಗೆ ಮನೆಗೆ ಕೊಡಿ. ತುದಿ ಎಡಕ್ಕೆ, ಎಲ್ಲವೂ ಒಂದೇ ಗೆರೆಗೆ ಬರಬೇಕು. ಪ್ಲಾಸ್ಟಿಕ್ ಬಾಟಲಿ ಬದಲು ಸ್ಟೀಲ್ ಲೋಟ, ಅದೂ ಒಂದೇ ಗೆರೆಗೆ. ಬಿಳಿ ಪೇಪರ್ ಹಾಸಿದ ಮೇಲೆ 125 ಹಸಿರು ಎಲೆ ಸಾಲಾಗಿ ಬಿದ್ದಾಗ ಜಗಲಿಯ ಮೇಲೆ ನಿಂತು ಒಂದು ಫೋಟೋ ತೆಗೆಯಿರಿ. ತಂಗಿ ಬಾಟಲಿಯ ಮಾತು ಎತ್ತುವುದಿಲ್ಲ.

ದುಡ್ಡನ್ನು ಬೇರೆ ಎಂಟು ಟೇಬಲ್ಲಿಗೆ ಹಾಕಿ. ಬಂದವರಿಗೆ ಅರಿಶಿನ ಕುಂಕುಮ, ಹೂವು, ಪನ್ನೀರು ಕೊಡುವ ಟೇಬಲ್ ಒಂದು. ಪಾನಕಕ್ಕೆ ಎರಡು. ಮದುಮಕ್ಕಳು ಊಟಕ್ಕೆ ಕೂರುವಲ್ಲಿ ಎರಡು. ತಾಂಬೂಲಕ್ಕೆ ಮೂರು, ಯಾಕೆಂದರೆ ತೆಂಗಿನಕಾಯಿ ಚೀಲ ಬೇಗ ಜಾಗ ತಿನ್ನುತ್ತದೆ. ಜನ ನಿಲ್ಲುವುದು, ಮಾತಾಡುವುದು, ಫೋಟೋ ತೆಗೆಯುವುದು ಈ ಎಂಟರ ಮುಂದೆಯೇ.

ಬಟ್ಟೆಗೆ ಒಂದು ರೂಪಾಯಿಯೂ ಬೇಡ. ಸೀರೆಯ ಉದ್ದ ಐದೂವರೆ ಮೀಟರ್, ಅಂದರೆ ಹದಿನೆಂಟು ಅಡಿ. ಆರಡಿಯ ಮೂರು ಟೇಬಲ್ ಸಾಲಾಗಿ ಜೋಡಿಸಿದರೆ ಒಂದು ಸೀರೆ ಅಳೆದು ಮಾಡಿಸಿದ ಹಾಗೆ ಕೂರುತ್ತದೆ. ತಾಂಬೂಲದ ಟೇಬಲ್ಲಿಗೆ ಇದೇ ಸಾಕು. ಸೀರೆಯ ಅಗಲ ನಾಲ್ಕಡಿಗೆ ಸ್ವಲ್ಪ ಕಡಿಮೆ. ಮೇಲೆ ಒಂದೂವರೆ ಅಡಿ ಹೋದರೆ ಉಳಿದದ್ದು ಮುಂದೆ ಇಳಿಬೀಳುತ್ತದೆ, ಅಂಚು ಎದುರಿಗೆ ಕಾಣುತ್ತದೆ. ಕಬ್ಬಿಣದ ಕಾಲು ಕೆಳಗೆ ನಾಲ್ಕು ಬೆರಳು ಕಂಡರೆ ಕಾಣಲಿ. ಶಾಮಿಯಾನದವರ ಮಿಂಚುವ ನೆರಿಗೆ ಬಟ್ಟೆಗಿಂತ ಇದು ನೂರು ಪಾಲು ಮೇಲು. ಒಂದೇ ಟೇಬಲ್ ಆದರೆ ಸೀರೆಯನ್ನು ಮೂರು ಮಡಿಕೆ ಮಾಡಿ ಹಾಸಿ. ಕತ್ತರಿಸಬೇಡಿ.

ಹತ್ತಿ ಸೀರೆಯೇ ಇರಲಿ. ಅಮ್ಮ, ದೊಡ್ಡಮ್ಮ, ಅತ್ತೆ, ಅಜ್ಜಿ ಎಲ್ಲರಿಂದ ಒಂದೊಂದು ಕೇಳಿ ತನ್ನಿ. ಬಣ್ಣ ಹೊಂದಬೇಕೆಂದೇನೂ ಇಲ್ಲ, ಅಂಚು ದೊಡ್ಡದಿದ್ದರೆ ಆಯಿತು. "ಇದು ನನ್ನ ಸೀರೆ ಅಲ್ವಾ?" ಅಂತ ಯಾವುದಾದರೂ ಅತ್ತೆ ನಿಂತೇ ನಿಲ್ಲುತ್ತಾರೆ. ಪಾನಕದ ಟೇಬಲ್ಲಿಗೆ ಮಾತ್ರ ಸೀರೆ ಬೇಡ. ಬೆಲ್ಲದ ಕಲೆ ಹಿಡಿದರೆ ಆ ಅತ್ತೆಗೆ ಉತ್ತರ ಕೊಡುವವರು ನೀವು. ಅಲ್ಲಿಗೆ ಬಿಳಿ ಪಂಚೆ ಹಾಸಿ. ನಾಲ್ಕು ಮೊಳದ ಪಂಚೆ ಆರಡಿ ಟೇಬಲ್ಲಿಗೆ ಸರಿಯಾಗುತ್ತದೆ.

ಗಾಳಿಗೆ ಏನು ಮಾಡುವುದು? ಸುಮ್ನೆ ಪಿನ್ನು ಚುಚ್ಚಿದರೆ ಹಳೆ ಸೀರೆ ಹರಿಯುತ್ತದೆ. ಟೇಬಲ್ ಅಡಿಯಲ್ಲಿ, ಕಾಲಿನಿಂದ ಕಾಲಿಗೆ ಒಂದು ಹಗ್ಗ ಬಿಗಿಯಿರಿ. ಬಟ್ಟೆಯ ಹಿಂದಿನ ಅಂಚನ್ನು ಆ ಹಗ್ಗಕ್ಕೆ ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಸಿಕ್ಕಿಸಿ. ಮೇಲೆ ಇಡುವುದೆಲ್ಲ ಭಾರದ್ದಿರಲಿ. ಅಟ್ಟದಲ್ಲಿರುವ ಹಿತ್ತಾಳೆ ತಂಬಿಗೆ, ಚೊಂಬು, ಬಿಂದಿಗೆ ಇಳಿಸಿ ಹುಣಸೆಹಣ್ಣು ಹಚ್ಚಿ ತಿಕ್ಕಿ. ಅರ್ಧ ಮರಳು ತುಂಬಿ ನೀರು ಹಾಕಿ, ಆ ಮೇಲೆ ಹೂವು. ಉರುಳುವ ಮಾತೇ ಇಲ್ಲ.

ಹೂವಿನ ವಿಷಯಕ್ಕೆ ಬರೋಣ. ನಮ್ಮ ಅಳತೆಯೇ ಇಲ್ಲಿ ಸುಲಭ. ಒಂದು ಮಾರು ಅಂದರೆ ನಾಲ್ಕು ಮೊಳ, ಸುಮಾರು ಆರಡಿ. ಟೇಬಲ್ಲಿಗೆ ಒಂದು ಮಾರು ಅಂತ ಹೇಳಿ. ಹೂವಿನವರ ಕೈ ಗಿಡ್ಡ ಇದ್ದರೆ ಅದು ನಿಮ್ಮ ಹಣೆಬರಹ! ಕಟ್ಟಿದ ಹೂವಿಗಿಂತ ಬಿಡಿ ಚೆಂಡು ಹೂವು ಕೆಜಿ ಲೆಕ್ಕದಲ್ಲಿ ತಂದರೆ ಅಗ್ಗ. ಎರಡಿಂಚು ಅಗಲದ ಹೂವಾದರೆ 36 ಸಾಲಾಗಿ ಇಟ್ಟರೆ ಆರಡಿ ಮುಗಿಯಿತು. ಪೋಣಿಸುವುದೂ ಬೇಡ. ಮೇ ತಿಂಗಳಲ್ಲಿ ವರಮಹಾಲಕ್ಷ್ಮಿ, ದಸರಾದ ರೇಟು ಇರುವುದಿಲ್ಲ. ಆದರೆ ಅದೇ ದಿನ ಊರಲ್ಲಿ ನಾಲ್ಕು ಮದುವೆ ಇದ್ದರೆ ಏರುತ್ತದೆ, ಮೊದಲೇ ಹೇಳಿಡಿ. ಡೇರೆ ಹೂವು, ಅಂದರೆ ಡೇಲಿಯಾ ಬೇಕು ಅಂತ ತಂಗಿ ಹಟ ಮಾಡಿದರೆ ಮದುವೆಯನ್ನು ಮಳೆಗಾಲಕ್ಕೆ ಮುಂದೂಡಬೇಕಾಗುತ್ತದೆ.

ಹಿತ್ತಲಿನ ಕೇಪಳ, ಕ್ರೋಟನ್ ಧಾರಾಳವಾಗಿ ಬಳಸಿ. ದಾಸವಾಳ ಬೆಳಗಿನ ಚೆಂದ, ಸಂಜೆಗೆ ಮುದುಡುತ್ತದೆ. ಕಣಗಿಲೆಯನ್ನು ಮಾತ್ರ ಊಟ, ಪಾನಕದ ಹತ್ತಿರ ತರಲೇಬೇಡಿ. ಆ ಗಿಡದ ಎಲೆ, ಹೂವು, ಕಾಂಡ ಎಲ್ಲವೂ ವಿಷ. ಚೆಂದ ಕಂಡಿತು ಅಂತ ಪಾನಕದ ಹಂಡೆಗೆ ಕಣಗಿಲೆ ಮಾಲೆ ಸುತ್ತಿದವರನ್ನು ನಾನು ನೋಡಿದ್ದೇನೆ. ಕೈಯಾರೆ ಬಿಚ್ಚಿ ಎಸೆದೆ.

ಹೂದಾನಿ ನಿಮ್ಮ ತೋಟದಲ್ಲೇ ಬಿದ್ದಿದೆ. ಅಡಿಕೆ ಹಾಳೆ. ಬಿದ್ದ ಹಾಳೆ ಒಣಗಿದ್ದರೆ ನೀರಲ್ಲಿ ನೆನೆಹಾಕಿ. ಚರ್ಮದ ಹಾಗೆ ಮೆತ್ತಗಾಗುತ್ತದೆ. ಎರಡೂ ತುದಿ ಮಡಚಿ, ಬಾಳೆ ನಾರಿನಿಂದ ಕಟ್ಟಿದರೆ ದೋಣಿಯ ಹಾಗೆ ಆಗುತ್ತದೆ. ಒಳಮೈ ಬೆಣ್ಣೆ ಬಣ್ಣ, ನಯ. ಹೊರಗೆ ಉದ್ದಕ್ಕೆ ಗೆರೆ. ಅದರಲ್ಲಿ ಒಂದು ಹಿಡಿ ಕೆಂಪು ಕೇಪಳ ಸುರಿದು ಸೀರೆಯ ಅಂಚಿನ ಮೇಲೆ ಇಟ್ಟು ನೋಡಿ. ನಾನು ಇದಕ್ಕಿಂತ ಜಾಸ್ತಿ ಖರ್ಚು ಮಾಡಿ ಇದಕ್ಕಿಂತ ಕಡಿಮೆ ಚೆಂದ ಮಾಡಿದ್ದು ಎಷ್ಟೋ ಸಲ.

ಹಿಂಗಾರ, ಅಂದರೆ ಅಡಿಕೆಯ ಹೂಗೊಂಚಲು ಇಡುವ ಆಸೆ ಎಲ್ಲರಿಗೂ ಇರುತ್ತದೆ. ಅದರ ಪರಿಮಳವೇ ಹಾಗೆ. ಆದರೆ ಒಂದು ಹಿಂಗಾರ ಕಡಿದರೆ ಬರುವ ವರ್ಷದ ಒಂದು ಗೊನೆ ಹೋಯಿತು. ಅಪ್ಪನನ್ನು ಕೇಳಿ ಎರಡು ಕೊಯ್ಯಿರಿ, ಸಾಕು. ಸ್ವಾಗತದ ಟೇಬಲ್ ಮೇಲೆ ಒಂದು, ಮದುಮಕ್ಕಳ ಹತ್ತಿರ ಒಂದು. ಪಾನಕದ ಹತ್ತಿರ ಬೇಡ, ಹಿಂಗಾರಕ್ಕೆ ಜೇನುನೊಣ ಬರುತ್ತವೆ. ಬಂದ ಮೇಲೆ ಬೆಲ್ಲದ ವಾಸನೆ ಬಿಟ್ಟು ಹೋಗುತ್ತವೆಯೇ? ಇರುವೆಗೆ ಹಳೆಯ ಉಪಾಯವೇ ಸರಿ. ಪಾನಕದ ಟೇಬಲ್ ಕಾಲುಗಳ ಅಡಿಗೆ ತೆಂಗಿನ ಚಿಪ್ಪು ಇಟ್ಟು ನೀರು ಹಾಕಿ. ಬಟ್ಟೆಯ ತುದಿ ನೆಲಕ್ಕೆ ತಾಗಬಾರದು. ತಾಗಿದರೆ ಇರುವೆಗೆ ನೀವೇ ಏಣಿ ಹಾಕಿಕೊಟ್ಟಂತೆ.

ಇನ್ನು ನೀವು ಸಾಗರದವರು ಅಂದ ಮೇಲೆ ಇದೊಂದನ್ನು ಹೇಳದೇ ಬಿಡಲಾರೆ. ನಿಮ್ಮ ಕಡೆ ದೀವರ ಸಮುದಾಯದ ಮನೆಗಳಲ್ಲಿ ಮದುವೆಗೆ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುತ್ತಾರಲ್ಲ, ಅಕ್ಕಿ ಅರೆದ ಬಿಳಿ, ಕೆಮ್ಮಣ್ಣು, ಹುರಿದ ಅಕ್ಕಿಯ ಕಪ್ಪು, ಪುಂಡಿ ನಾರಿನ ಕುಂಚ. ಬರೆಯುವವರೊಬ್ಬರಿಗೆ ಹೇಳಿ, ಒಂದು ಗೆರಸೆಗೆ, ಅಂದರೆ ಮೊರಕ್ಕೆ, ಕೆಮ್ಮಣ್ಣು ಸಾರಿಸಿ ಅದರ ಮೇಲೆ ಬರೆಸಿ. ಸ್ವಾಗತದ ಟೇಬಲ್ ಮೇಲೆ ನಿಲ್ಲಿಸಿದರೆ ಬೇರೆ ಬೋರ್ಡೇ ಬೇಡ. ಪುಕ್ಕಟೆ ಬರೆಸಬೇಡಿ. ಒಂದೊಂದು ಗೆರೆಗೂ ಉಸಿರು ಹಿಡಿದು ಕೂರುವ ಕೆಲಸ ಅದು. ನಿಮ್ಮ 10,000ದಲ್ಲಿ ಹೂವು ಬಿಟ್ಟರೆ ದೊಡ್ಡ ಪಾಲು ಅವರಿಗೇ ಹೋಗಲಿ.

ಬಾಳೆ ಎಲೆ ಹಿಂದಿನ ಸಂಜೆ ಕೊಯ್ದು ನೆರಳಲ್ಲಿಡಿ. ಬಿಡಿ ಹೂವನ್ನು ಒದ್ದೆ ಬಟ್ಟೆಯ ಮೇಲೆ ಹರಡಿಡಿ, ಚೀಲದಲ್ಲಿ ಒತ್ತಿಟ್ಟರೆ ಬಿಸಿಯಾಗಿ ಕೊಳೆಯುತ್ತದೆ. ಮಲ್ಲಿಗೆಯನ್ನು ಬಾಳೆ ಎಲೆಯಲ್ಲಿ ಸುತ್ತಿಡಿ. ಟೇಬಲ್ಲಿಗೆ ಹೂವು ಹಾಕುವುದು ದಿಬ್ಬಣ ಬರುವ ಒಂದು ಗಂಟೆ ಮೊದಲು. ಅದಕ್ಕಿಂತ ಮೊದಲು ಬೇಡ.

ಪ್ರಶ್ನೆ: ಮೇಡಂ, ನಾವು ಹಾವೇರಿ ಜಿಲ್ಲೆಯವರು. ಮಗನ ಆರತಕ್ಷತೆ ಹೊಲದ ಕಣದಲ್ಲಿ, ಸಂಜೆ ಏಳಕ್ಕೆ. ಊಟ ನಿಂತು ಬಡಿಸಿಕೊಳ್ಳುವ ಬಫೆ. ಕೌಂಟರಿಗೆ ಹಳೆ ಕೌದಿ ಹಾಸಿದರೆ ಹಳ್ಳಿ ಅಂತ ನಗುತ್ತಾರಾ? ದೀಪ ಹೇಗೆ ಇಡಬೇಕು?

ಉತ್ತರ: ನಗಲಿ ಬಿಡಿ. ಕಣದಲ್ಲಿ ಮದುವೆ ಇಟ್ಟುಕೊಂಡು ಹಳ್ಳಿ ಕಾಣಬಾರದು ಅಂದರೆ ಹೇಗೆ? ಕೌದಿ ದಪ್ಪ, ಗಾಳಿಗೆ ಅಲ್ಲಾಡುವುದಿಲ್ಲ, ಕಲೆ ಬಿದ್ದರೂ ಗೊತ್ತಾಗುವುದಿಲ್ಲ. ಒಂದೇ ಮಾತು: ಬರ್ನರ್ ಉರಿಯುವ ಪಾತ್ರೆಗಳ ಅಡಿಗೆ ಯಾವ ಬಟ್ಟೆಯೂ ಬೇಡ. ಕೌದಿಯನ್ನು ಕೌಂಟರಿನ ಮುಂಭಾಗಕ್ಕೆ ಇಳಿಬಿಟ್ಟು, ಮೇಲ್ಭಾಗ ಖಾಲಿ ಬಿಡಿ.

ದೀಪದ ಬಗ್ಗೆ ಸ್ವಲ್ಪ ಹುಷಾರು. ಮೊದಲ ಮಳೆ ಬಿದ್ದ ಮರುದಿನ ಸಂಜೆ ರೆಕ್ಕೆಗೆದ್ದಲು ಏಳುತ್ತವೆ, ಮಳೆಹುಳ ಅಂತೀವಲ್ಲ. ಬೆಳ್ಳನೆ ಬೆಳಕಿಗೆ ಸಾವಿರಗಟ್ಟಲೆ ಮುತ್ತುತ್ತವೆ. ಒಂದು ಮದುವೆಯಲ್ಲಿ ಅನ್ನದ ಪಾತ್ರೆಯ ನೇರ ಮೇಲೆ ಟ್ಯೂಬ್‌ಲೈಟ್ ಕಟ್ಟಿದ್ದರು. ಹುಳ ಮುತ್ತಿದ್ದೇ ತಡ, ಬಿಳಿ ಅನ್ನದ ಮೇಲೆ ರೆಕ್ಕೆ ಉದುರತೊಡಗಿತು. ಅವತ್ತು ಊಟ ಮಾಡಿದವರು ಕತ್ತಲಲ್ಲಿ ಕೂತವರು ಮಾತ್ರ. ಅದಕ್ಕೇ ಜೋರು ಬಿಳಿ ಲೈಟನ್ನು ಊಟದಿಂದ ದೂರ, ಗಾಡಿ ನಿಲ್ಲಿಸುವ ಕಡೆ ಹಾಕಿ. ಹುಳ ಅತ್ತ ಹೋಗುತ್ತವೆ. ಟೇಬಲ್ ಕಡೆ ಹಳದಿ ಬಲ್ಬು, ಅದೂ ಪಾತ್ರೆಯ ನೆತ್ತಿಯ ಮೇಲಲ್ಲ, ಪಕ್ಕಕ್ಕೆ. ಮೇಣದಬತ್ತಿ, ಹಣತೆ ಕಣದ ಗಾಳಿಗೆ ನಿಲ್ಲುವುದಿಲ್ಲ. ಮನೆಯಲ್ಲಿ ಹಳೆ ಕಂದೀಲು ಇದ್ದರೆ ಗಾಜು ಒರೆಸಿ, ಬತ್ತಿ ಕತ್ತರಿಸಿ ಇಡಿ. ಸೀಮೆಎಣ್ಣೆ ಸಿಗದಿದ್ದರೆ ಒಳಗೊಂದು ಬ್ಯಾಟರಿ ದೀಪ ಸಾಕು. ಜೋಳದ ತೆನೆ ಉಳಿದಿದ್ದರೆ ಒಂದು ಕಟ್ಟು ಬಿಂದಿಗೆಯಲ್ಲಿ ನಿಲ್ಲಿಸಿ. ನೀರೂ ಬೇಡ, ಬಾಡುವುದೂ ಇಲ್ಲ.

ಪ್ರಶ್ನೆ: ಊಟದ ಟೇಬಲ್ಲಿಗೆ ಹಾಸುವ ಪ್ಲಾಸ್ಟಿಕ್ ರೋಲ್ ಪೇಪರ್ ರೋಲಿಗಿಂತ ಗಟ್ಟಿ, ಗಾಳಿಗೆ ಹರಿಯುವುದಿಲ್ಲ ಅಂತಾರೆ. ಹಾಸಬಹುದಾ?

ಉತ್ತರ: ಇಲ್ಲ. ಕರ್ನಾಟಕದಲ್ಲಿ 2016ರ ಮಾರ್ಚ್‌ನಿಂದಲೇ ಊಟದ ಟೇಬಲ್ ಮೇಲೆ ಹಾಸುವ ಪ್ಲಾಸ್ಟಿಕ್ ಹಾಳೆಗೆ ನಿಷೇಧ ಇದೆ, ಎಷ್ಟೇ ದಪ್ಪ ಇರಲಿ. ಪ್ಲಾಸ್ಟಿಕ್ ತಟ್ಟೆ, ಲೋಟ, ಫ್ಲೆಕ್ಸ್ ಕೂಡ ಅದರಲ್ಲೇ ಸೇರಿವೆ. ಅಲಂಕಾರದ ಥರ್ಮಾಕೋಲಿಗೆ 2022ರ ಜುಲೈ 1ರಿಂದ ಇಡೀ ದೇಶದಲ್ಲೇ ನಿಷೇಧ. ಹೆಸರು ಕತ್ತರಿಸಿ ಅಂಟಿಸುವ ಬಿಳಿ ಅಕ್ಷರ ಮರೆತುಬಿಡಿ.

ಪೇಪರ್ ಅಂತ ಮಾರುವ ರೋಲಿನಲ್ಲೂ ಕೆಲವಕ್ಕೆ ತೆಳು ಪ್ಲಾಸ್ಟಿಕ್ ಪೊರೆ ಇರುತ್ತದೆ. ಅಂಗಡಿಯಲ್ಲೇ ಒಂದು ತುಂಡು ಹರಿದು ನೋಡಿ. ಬರೀ ಕಾಗದ ಚರ್ರನೆ ಹರಿಯುತ್ತದೆ, ಪೊರೆ ಇದ್ದರೆ ಅಂಚು ಜಗ್ಗುತ್ತದೆ. ಇನ್ನು ಗಾಳಿಯ ಮಾತು. ಟೇಬಲ್ ಮೇಲೆ ಒದ್ದೆ ಬಟ್ಟೆ ಎಳೆದು, ಅದು ಆರುವ ಮೊದಲೇ ಪೇಪರ್ ಹಾಸಿ ಅಂಗೈಯಿಂದ ಸವರಿ. ಅಂಟಿಕೊಂಡು ಕೂರುತ್ತದೆ. ತಕ್ಷಣ ಎಲೆ ಹಾಕಿ, ಎಲೆಗೆ ನೀರು ಚಿಮುಕಿಸಿದರೆ ಆಯಿತು. ಪಂಕ್ತಿ ಎದ್ದ ಮೇಲೆ ಎಲೆ ಬೇರೆ, ಪೇಪರ್ ಬೇರೆ ತೆಗೆಯಲು ಇಬ್ಬರು ಹುಡುಗರಿಗೆ ಹೇಳಿಡಿ. ಎಲೆ ನೇರ ಕೊಟ್ಟಿಗೆಗೆ ಹೋಗುತ್ತದೆ, ದನಗಳಿಗೂ ಅವತ್ತು ಮದುವೆ ಊಟ.