ಅರ್ಥವಾಗದೆ ‘ದಾ, ದಾ’ ಎಂದ ಹುಡುಗ

ರಷ್ಯಾಕ್ಕೆ ಎಂಬಿಬಿಎಸ್ ಓದಲು ಹೋದ ಮಕ್ಕಳಲ್ಲಿ ಆಪ್ತಸಮಾಲೋಚನೆಗೆ ನನಗೆ ಕರೆ ಮಾಡುವವರು ಮೂರನೇ ವರ್ಷದವರೇ ಜಾಸ್ತಿ. ನಿದ್ದೆ ಬರಲ್ಲ, ಎದೆ ಹೊಡೆದುಕೊಳ್ಳುತ್ತೆ, ಊರಿಗೆ ವಾಪಸ್ ಬರ್ತೀನಿ ಅನ್ನುತ್ತಾರೆ. ಚಳಿ, ಊಟ, ಒಂಟಿತನ ಎಲ್ಲ ಮಾತಿಗೆ ಬರುತ್ತವೆ. ರಷ್ಯನ್ ಭಾಷೆಯ ವಿಷಯ ಮಾತ್ರ ಕೊನೆಗೆ ಬರುತ್ತದೆ, ಅದೂ ನಾನು ಕೆದಕಿದರೆ. ಇಲ್ಲಿ ಹೇಳುತ್ತಿರುವ ಹುಡುಗನ ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವನ ಒಪ್ಪಿಗೆ ಇದೆ.

ಸಣ್ಣ ತಾಲ್ಲೂಕು ಊರು, ಅಪ್ಪನ ದಿನಸಿ ಅಂಗಡಿ, ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ. “ಪಾಠ ಎಲ್ಲ ಇಂಗ್ಲಿಷ್‌ನಲ್ಲೇ, ರಷ್ಯನ್ ಚಿಂತೆ ಬಿಡಿ” ಎಂದು ಏಜೆಂಟ್ ಹೇಳಿದ್ದರಂತೆ. ಪಾಠದ ಮಟ್ಟಿಗೆ ಅದು ಸುಳ್ಳಲ್ಲ. ಮೊದಲೆರಡು ವರ್ಷ ರಷ್ಯನ್ ಒಂದು ವಿಷಯ ಅಷ್ಟೆ. ಜಚ್ಯೋತ್, ಅಂದರೆ ಪಾಸು-ಫೇಲು ಅಷ್ಟೇ ನೋಡುವ ಪರೀಕ್ಷೆ, ದಾಟುವಷ್ಟು ಬಾಯಿಪಾಠ ಮಾಡಿದರೆ ಸಾಕು. ಹಾಸ್ಟೆಲಿನಲ್ಲಿ ನಮ್ಮವರೇ, ಮೆಸ್ಸೂ ನಮ್ಮದೇ. ಮೂರನೇ ವರ್ಷ ವಾರ್ಡಿಗೆ ಕಾಲಿಟ್ಟಾಗ ಮಾತ್ರ, ಹಾಸಿಗೆಯಲ್ಲಿರುವ ರೋಗಿಗೆ ರಷ್ಯನ್ ಬಿಟ್ಟು ಬೇರೆ ಭಾಷೆ ಬರಲ್ಲ ಅನ್ನುವುದು ಎದುರಿಗೆ ಬಂದು ನಿಲ್ಲುತ್ತದೆ.

ಈ ಹುಡುಗ ವಾರ್ಡಿಗೆ ಹೋಗುವುದನ್ನೇ ಬಿಟ್ಟಿದ್ದ. ತಪ್ಪಿಸಿದ ಪ್ರತಿ ತರಗತಿಗೂ ಒತ್ರಬೋತ್ಕ ಮಾಡಬೇಕು. ಅಂದರೆ ಮತ್ತೆ ಹೋಗಿ, ಆ ಪಾಠ ಓದಿ ಒಪ್ಪಿಸಬೇಕು. ಅವು ರಾಶಿ ಬಿದ್ದಿದ್ದವು. ಅಪ್ಪನಿಗೆ ಇದೆಲ್ಲ ಸೋಮಾರಿತನವಾಗಿ ಕಂಡಿತ್ತು.

ಮೊದಮೊದಲು ನಿದ್ದೆ, ಊಟದ ಬಗ್ಗೆಯೇ ಮಾತಾಡಿದೆವು. ಸಾಯುವ ಯೋಚನೆ ಬಂದಿದೆಯಾ ಎಂದು ನೇರವಾಗಿ ಕೇಳಿದೆ. ಇಲ್ಲ ಎಂದ. ಒಂದು ಸಂಜೆ, “ವಾರ್ಡಿಗೆ ಕೊನೇ ಸಲ ಹೋದಾಗ ಏನಾಯ್ತು?” ಎಂದೆ. ಬಹಳ ಹೊತ್ತು ಸುಮ್ಮನಿದ್ದು ಹೇಳಿದ:

“ಒಬ್ರು ಅಜ್ಜಿ ಮೇಡಂ. ‘ಗ್ದೆ ಬಲಿತ್’ ಅಂದೆ, ಎಲ್ಲಿ ನೋವು ಅಂತ. ಅದೊಂದು ಚೆನ್ನಾಗಿ ಬರ್ತಿತ್ತು. ನನಗೆ ಭಾಷೆ ಬರುತ್ತೆ ಅಂದ್ಕೊಂಡ್ರು. ಕೈ ಹಿಡ್ಕೊಂಡು ಏನೇನೋ ಹೇಳಿದ್ರು. ನಾನು ದಾ, ದಾ ಅಂತಿದ್ದೆ, ನಾವು ಹೂಂ ಹೂಂ ಅಂತೀವಲ್ಲ ಹಾಗೆ. ಕೊನೆಗೆ ಏನೋ ಕೇಳಿದ್ರು. ಅದಕ್ಕೂ ದಾ ಅಂದೆ. ತುಂಬಾ ಖುಷಿಪಟ್ರು. ವಾಸಿ ಆಗುತ್ತಾ ಅಂತ ಕೇಳಿದ್ರೋ, ಮನೆಗೆ ಕಳಿಸ್ತೀರಾ ಅಂತ ಕೇಳಿದ್ರೋ, ಇವತ್ತಿಗೂ ಗೊತ್ತಿಲ್ಲ. ನಾನು ಮೋಸ ಮಾಡಿದೆ ಅಲ್ವಾ ಮೇಡಂ?”

ಹಾಗೇನಿಲ್ಲ ಬಿಡು ಅನ್ನಬಹುದಿತ್ತು. ಅನ್ನಲಿಲ್ಲ. ಸುಮ್ನೆ ಸಮಾಧಾನ ಮಾಡಿದ್ದರೆ ಅವನು ನನ್ನ ಮುಂದಿನ ಯಾವ ಮಾತನ್ನೂ ನಂಬುತ್ತಿರಲಿಲ್ಲ. “ಹೌದು, ಆ ದಾ ತಪ್ಪು. ಆದರೆ ಅದು ನಿನ್ನನ್ನು ಇಷ್ಟು ದಿನ ಚುಚ್ಚುತ್ತಿದೆ ಅಂದರೆ ಆ ಅಜ್ಜಿಯ ಬಗ್ಗೆ ನಿನಗೆ ಕಾಳಜಿ ಇದೆ. ಅಂಥವನು ವಾರ್ಡು ಬಿಟ್ಟು ಓಡಬಾರದು” ಎಂದೆ. ಅವನು ಅತ್ತ. ಅಳಲು ಬಿಟ್ಟೆ.

ವಾಪಸ್ ಬರುವ ನಿರ್ಧಾರ ಈ ಸೆಮಿಸ್ಟರ್ ಮುಗಿಯುವವರೆಗೆ ಬೇಡ ಎಂದೆ. ವಾರ್ಡಿಗೆ ಹೋಗು, “ನನಗೆ ರಷ್ಯನ್ ಕಡಿಮೆ, ನಿಧಾನವಾಗಿ ಹೇಳಿ” ಎಂದೇ ಮಾತು ಶುರು ಮಾಡು. ಅರ್ಥವಾಗದೆ ದಾ ಅನ್ನಬೇಡ. ದಿನಕ್ಕೆ ಒಂದು ಗಂಟೆ ಭಾಷೆಗೇ ಇಡು, ಅದನ್ನೂ ಇಂಗ್ಲಿಷ್ ಮೂಲಕ ಕಲಿಯಬೇಡ. ರಷ್ಯನ್‌ನಲ್ಲಿ ಆರು ವಿಭಕ್ತಿಗಳಿವೆ. ಇಂಗ್ಲಿಷ್‌ನಿಂದ ಹೋದವರು ಅಲ್ಲೇ ಕಂಗಾಲಾಗುತ್ತಾರೆ. ನಮಗೆ ವಿಭಕ್ತಿ ಹೊಸದಲ್ಲವಲ್ಲ! ಚಳಿಯಾದರೆ ಅವರೂ “ಮ್ನೆ ಹೋಲದ್ನ” ಅನ್ನುತ್ತಾರೆ, ನಮ್ಮ “ನನಗೆ ಚಳಿ” ಇದ್ದ ಹಾಗೇ. ಕನ್ನಡ ಮಾಧ್ಯಮದಲ್ಲಿ ಓದಿದ್ದೇ ತನ್ನ ಕೊರತೆ ಎಂದು ನಂಬಿದ್ದ ಹುಡುಗನಿಗೆ ಇದನ್ನು ಹೇಳಲೇಬೇಕಿತ್ತು.

ಅವನ ಅಪ್ಪ ಮರುದಿನವೇ ಫೋನ್ ಮಾಡಿದರು. “ಎಫ್‌ಎಂಜಿಇ ಇರೋದು ಇಂಗ್ಲಿಷ್‌ನಲ್ಲಿ ಮೇಡಂ. 300 ಪ್ರಶ್ನೆಗೆ 150 ಸರಿ ಆಗ್ಬೇಕು. ಕೋಚಿಂಗ್ ಬಿಟ್ಟು ರಷ್ಯನ್ ಓದು ಅಂತೀರಲ್ಲ?” ಎಫ್‌ಎಂಜಿಇ ಅಂದರೆ ವಿದೇಶದಲ್ಲಿ ವೈದ್ಯಕೀಯ ಓದಿದವರು ಇಲ್ಲಿ ವೈದ್ಯರಾಗಲು ಪಾಸಾಗಬೇಕಾದ ಪರೀಕ್ಷೆ. ಅವರ ಆತಂಕದಲ್ಲಿ ನ್ಯಾಯವಿದೆ, ಸಾಲ ಅವರ ತಲೆ ಮೇಲಿದೆ. ಕೋಚಿಂಗ್ ಬಿಡು ಅಂತ ನಾನು ಹೇಳಿರಲೂ ಇಲ್ಲ. ಆದರೆ ರಷ್ಯನ್ ವಿಷಯದಲ್ಲಿ ನಾನು ಹಿಂದೆ ಸರಿಯಲಿಲ್ಲ, ಈಗಲೂ ಸರಿಯುವುದಿಲ್ಲ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮದ ಪ್ರಕಾರ ಕನಿಷ್ಠ 54 ತಿಂಗಳ ಓದಿನ ಜೊತೆಗೆ 12 ತಿಂಗಳ ಇಂಟರ್ನ್‌ಶಿಪ್ಪೂ ಅದೇ ವಿದೇಶಿ ಸಂಸ್ಥೆಯಲ್ಲೇ ಆಗಬೇಕು. ಆ ಕಾಲವನ್ನೆಲ್ಲ ಗುಂಪಿನ ಹಿಂದೆ ನಿಂತು ಕಳೆದರೆ, ರೋಗಿಯನ್ನು ಮಾತಾಡಿಸಿ ಕಾಯಿಲೆ ಹಿಡಿಯುವುದನ್ನು ಇವನು ಕಲಿಯುವುದು ಎಲ್ಲಿ? ಕೋಚಿಂಗ್ ವಿಡಿಯೊದಲ್ಲಿ ಅದು ಸಿಗುವುದಿಲ್ಲ.

ಹುಡುಗ ಈಗ ವಾರ್ಡಿಗೆ ಹೋಗುತ್ತಿದ್ದಾನೆ. ಒತ್ರಬೋತ್ಕಗಳು ಇನ್ನೂ ಬಾಕಿ ಇವೆ. ನಿದ್ದೆ ಪೂರ್ತಿ ಸರಿಹೋಗಿಲ್ಲ, ಮನೋವೈದ್ಯರನ್ನು ಕಾಣಲು ಹೇಳಿದ್ದೇನೆ. ಅಪ್ಪ ಈಗಲೂ ಒಪ್ಪಿಲ್ಲ.

ಈ ವರ್ಷ ಮಕ್ಕಳನ್ನು ಕಳಿಸುವವರು ಏಜೆಂಟರ ಹತ್ತಿರ ಫೀಸು, ಹಾಸ್ಟೆಲ್, ಮೆಸ್ ಎಲ್ಲ ವಿಚಾರಿಸುತ್ತೀರಿ. ರಷ್ಯನ್ ವಾರಕ್ಕೆ ಎಷ್ಟು ಗಂಟೆ, ಯಾವ ವರ್ಷದವರೆಗೆ ಕಲಿಸುತ್ತಾರೆ ಅನ್ನುವುದನ್ನೂ ವಿಚಾರಿಸಿ. ವೀಸಾ ಬರುವಷ್ಟರಲ್ಲಿ ಮನೆಯಲ್ಲೇ 33 ಅಕ್ಷರ ಓದಲು, ಬರೆಯಲು ಕಲಿತು ಹೊರಡಲಿ. ಮೂರನೇ ವರ್ಷದಲ್ಲಿ ಫೋನ್ ಬಂದಾಗ ಅಂಕಕ್ಕಿಂತ ಮೊದಲು, ಇವತ್ತು ಯಾವ ರೋಗಿಯನ್ನು ಮಾತಾಡಿಸಿದೆ ಎಂದು ಕೇಳಿ.